ಸೊನ್ನೆ ಸಾಗಿದ ದಾರಿ ಕಲಿಸುವ ಪಾಠ

‘ಸೊನ್ನೆಯನ್ನು ಜಗತ್ತಿಗೆ ಕೊಟ್ಟವರು ನಾವು’ ಎಂಬ ಮಾತು ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಹೆಮ್ಮೆಗೆ ಆಧಾರವಿದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಗ್ರಂಥಸ್ಥಗೊಳಿಸಿದ. ಆದರೆ ಕೊಡುಗೆ ಫಲಿಸಬೇಕಾದರೆ ಪಡೆಯುವವರಿಗೂ ಮನಸ್ಸಿರಬೇಕು. ಕಥೆಯ ಆ ಉತ್ತರಾರ್ಧವನ್ನು ನಾವು ಹೇಳುವುದು ಕಡಿಮೆ.

ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಭಾರತೀಯ ಲೆಕ್ಕಪದ್ಧತಿಯನ್ನು ಕುರಿತೇ ಒಂದು ಗ್ರಂಥ ಬರೆದ. ಇಟಲಿಯ ಫಿಬೊನಾಚಿ ಉತ್ತರ ಆಫ್ರಿಕಾದ ಬಂದರೊಂದರಲ್ಲಿ ಈ ಅಂಕಿಗಳನ್ನು ಕಲಿತು, 1202ರಲ್ಲಿ ಲ್ಯಾಟಿನ್ ಓದುಗರ ಮುಂದಿಟ್ಟ; ಅವನೂ ಅವುಗಳನ್ನು ಭಾರತೀಯರ ಅಂಕಿಗಳೆಂದೇ ಕರೆದ. ಆದರೂ 1299ರಲ್ಲಿ ಫ್ಲಾರೆನ್ಸ್ ನಗರದ ಹಣ ವಿನಿಮಯಗಾರರ ಸಂಘ ಲೆಕ್ಕದ ಪುಸ್ತಕಗಳಲ್ಲಿ ಇವುಗಳ ಬಳಕೆಯನ್ನು ನಿಷೇಧಿಸಿತು. ಅಂಕಿಗಳನ್ನು ಸುಲಭವಾಗಿ ತಿದ್ದಬಹುದೆಂಬ ಆತಂಕ ಇದಕ್ಕೆ ಕಾರಣವೆನ್ನಲಾಗುತ್ತದೆ. ಆತಂಕ ನಿರಾಧಾರವೇನಲ್ಲ, ಇಂದಿಗೂ ನಾವು ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರಗಳಲ್ಲೂ ಬರೆಯುತ್ತೇವೆ. ಆದರೆ ಪರಿಹಾರವಿರುವುದು ಅಂಥ ಎಚ್ಚರದಲ್ಲಿಯೇ ಹೊರತು ನಿಷೇಧದಲ್ಲಲ್ಲ. ಕಾಲಕ್ರಮದಲ್ಲಿ ಯುರೋಪಿನ ವರ್ತಕರು ಆ ಅಂಕಿಗಳನ್ನೇ ಒಪ್ಪಿಕೊಂಡರು.

ಪಡೆಯುವ ಔದಾರ್ಯ ನಮ್ಮವರಲ್ಲೂ ಇತ್ತು. ಆರನೇ ಶತಮಾನದ ವರಾಹಮಿಹಿರ ‘ಪಂಚಸಿದ್ಧಾಂತಿಕಾ’ದಲ್ಲಿ ರೋಮಕ, ಪೌಲಿಶ ಸಿದ್ಧಾಂತಗಳಿಗೂ ಸ್ಥಾನವಿತ್ತ. ಮ್ಲೇಚ್ಛರಾದರೂ ಶಾಸ್ತ್ರಜ್ಞರಾದ ಯವನರು ಋಷಿಗಳಂತೆ ಪೂಜ್ಯರು ಎಂಬುದು ಅವನ ನಿಲುವಾಗಿತ್ತು. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಅಲ್ ಬಿರೂನಿ, ತನ್ನ ಕಾಲದ ಇಲ್ಲಿನ ವಿದ್ವಾಂಸರು ತಮ್ಮದಲ್ಲದೆ ಬೇರೆ ಶಾಸ್ತ್ರವೇ ಇಲ್ಲವೆಂದು ಭಾವಿಸುತ್ತಾರೆಂದು ಆಕ್ಷೇಪಿಸಿದ; ಪೂರ್ವಿಕರು ಹಾಗಿರಲಿಲ್ಲವೆನ್ನಲು ವರಾಹಮಿಹಿರನನ್ನೇ ಉದಾಹರಿಸಿದ. ಘಜ್ನಿ ಮಹಮೂದನ ದಾಳಿಗಳು ಈ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವೆಂದು ಬರೆಯಲೂ ಅವನು ಹಿಂಜರಿಯಲಿಲ್ಲ.

ಬಿರೂನಿ ಸಂಸ್ಕೃತ ಕಲಿತು ವಿಮರ್ಶಿಸಿದ. 1835ರಲ್ಲಿ ಮೆಕಾಲೆಯಾದರೋ ತನಗೆ ಸಂಸ್ಕೃತವಾಗಲಿ ಅರಬಿಯಾಗಲಿ ಬಾರದೆಂದು ಒಪ್ಪಿಕೊಂಡೇ ಅವುಗಳ ಸಾಹಿತ್ಯವನ್ನು ತುಚ್ಛೀಕರಿಸಿದ. ವಿಮರ್ಶೆಗೂ ಪೂರ್ವಗ್ರಹಕ್ಕೂ ಇರುವ ಅಂತರ ಇದೇ. ತಿಳಿದು ಒಪ್ಪದಿರುವುದು ವಿವೇಕ. ತಿಳಿಯದೆ ತಿರಸ್ಕರಿಸುವುದು ಅಹಂಕಾರ. ಮೆಕಾಲೆಯನ್ನು ಖಂಡಿಸುವ ನಾವು ಅರಬಿ, ಪಾರಸಿ, ಚೀನೀ ವಾಙ್ಮಯಗಳ ಬಗ್ಗೆ ಅವನ ಧೋರಣೆಯನ್ನೇ ತಳೆದಿಲ್ಲವೇ?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಂಡುಕೊಂಡ ಒಂದು ಸರಳ ಸತ್ಯವಿದೆ. ಸರಕನ್ನು ಕೊಟ್ಟರೆ ಅದು ಕೈಬಿಡುತ್ತದೆ. ಜ್ಞಾನ ಕೊಟ್ಟವನಲ್ಲಿಯೂ ಉಳಿಯುತ್ತದೆ, ಪಡೆದವನಲ್ಲಿಯೂ ಬೆಳೆಯುತ್ತದೆ. ಆದ್ದರಿಂದ ಜ್ಞಾನದ ಆಮದಿನಿಂದ ಯಾವ ನಾಡೂ ಬಡವಾಗದು. ಹೊರಗಿನದೆಲ್ಲವೂ ಶ್ರೇಷ್ಠವೆಂಬ ಕೀಳರಿಮೆಯೂ, ಎಲ್ಲವೂ ನಮ್ಮಲ್ಲೇ ಇತ್ತೆಂಬ ಗರ್ವವೂ ಕಲಿಕೆಯ ಬಾಗಿಲನ್ನು ಸಮಾನವಾಗಿ ಮುಚ್ಚುತ್ತವೆ.

ಇದಕ್ಕೆ ಭಾಷಣಗಳಷ್ಟೇ ಸಾಲವು. ಏಷ್ಯಾದ ನೆರೆಹೊರೆಯವರ ಚಿಂತನೆ ಕನ್ನಡಿಗರಿಗೆ ಬಹುಮಟ್ಟಿಗೆ ಇಂಗ್ಲಿಷ್ ಮೂಲಕವೇ ತಲುಪುತ್ತಿದೆ. ನಮ್ಮ ವಿಶ್ವವಿದ್ಯಾಲಯಗಳು ಆ ಭಾಷೆಗಳ ಅಧ್ಯಯನಕ್ಕೆ ಸ್ಥಿರವಾದ ನೆಲೆ ಒದಗಿಸಿ, ಮೂಲದಿಂದ ನೇರವಾಗಿ ಕನ್ನಡಕ್ಕೆ ತರಬಲ್ಲ ಅನುವಾದಕರನ್ನು ತಯಾರು ಮಾಡಬೇಕು. ಸರ್ಕಾರ ಅವರಿಗೆ ಯೋಗ್ಯ ಸಂಭಾವನೆ ನೀಡಬೇಕು. ಇದರ ಫಲ ಒಂದು ಆಯವ್ಯಯ ವರ್ಷದಲ್ಲಿ ಕಾಣದು. ಹಾಗೆಂದು ಅದನ್ನು ದುಂದುವೆಚ್ಚವೆಂದು ಬಗೆಯುವುದು ತಪ್ಪು ಲೆಕ್ಕಾಚಾರವಾದೀತು.