ರೋಗಿಯ ದೇಹ ಪ್ರಚಾರದ ಸರಕಲ್ಲ

ವೈದ್ಯರು ಸಾಮಾಜಿಕ ಜಾಲತಾಣಗಳನ್ನು ಬಳಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಇಂದು ಅರ್ಥ ಉಳಿದಿಲ್ಲ. ವಾಟ್ಸಾಪ್‌ನಲ್ಲಿ ತಜ್ಞರ ಸಲಹೆ ಪಡೆಯುವುದರಿಂದ ಹಿಡಿದು ಶಸ್ತ್ರಚಿಕಿತ್ಸೆಯ ದೃಶ್ಯಗಳನ್ನು ಇನ್‌ಸ್ಟಾಗ್ರಾಂ ರೀಲ್ಸ್ ಆಗಿ ಹಂಚುವವರೆಗೆ ಆ ಬಳಕೆ ಹಬ್ಬಿದೆ. ಈ ಬಳಕೆಯಲ್ಲಿ ರೋಗಿಯ ಘನತೆಯನ್ನು ಕಾಯುವ ನಿಯಮ ಎಲ್ಲಿದೆ ಎಂಬುದೇ ಈಗ ಕೇಳಬೇಕಾದ ಪ್ರಶ್ನೆ. ಭಾರತದಲ್ಲಿ ಅಂಥ ನಿಯಮ ರೂಪುಗೊಂಡಿತ್ತು, ಆದರೆ ಮೂರು ವಾರಗಳಲ್ಲಿ ಅದನ್ನು ಬದಿಗೆ ಸರಿಸಲಾಯಿತು.

ವೈದ್ಯಕೀಯ ಶಿಕ್ಷಣ ಮತ್ತು ವೃತ್ತಿಯನ್ನು ನಿಯಂತ್ರಿಸುವ ಶಾಸನಬದ್ಧ ಸಂಸ್ಥೆಯಾದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್ 2ರಂದು ಹೊರಡಿಸಿದ ವೃತ್ತಿ ನಡವಳಿಕೆಯ ನಿಯಮಾವಳಿಯಲ್ಲಿ ಜಾಲತಾಣಗಳಿಗಾಗಿಯೇ ಒಂದು ಮಾರ್ಗಸೂಚಿ ಇತ್ತು. ರೋಗಿಗಳ ಭಾವಚಿತ್ರ ಮತ್ತು ಸ್ಕ್ಯಾನ್ ಚಿತ್ರಗಳನ್ನು ಜಾಲತಾಣದಲ್ಲಿ ಹಾಕಬಾರದು, ಗುಣಮುಖರಾದವರ ಪ್ರಶಂಸೆಯನ್ನು ಕೇಳಿ ಪಡೆದು ಹಂಚಬಾರದು, ಹಣ ಕೊಟ್ಟು ಲೈಕ್‌ಗಳನ್ನೂ ಹಿಂಬಾಲಕರನ್ನೂ ಕೊಳ್ಳಬಾರದು, ಸಾರ್ವಜನಿಕ ವೇದಿಕೆಯಲ್ಲಿ ಔಷಧಿ ಸೂಚಿಸಬಾರದು ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ಆದರೆ ಅದೇ ನಿಯಮಾವಳಿಯು ಕಂಪನಿಯ ಹೆಸರಿನ ಬದಲು ಔಷಧದ ಮೂಲ ರಾಸಾಯನಿಕ ಹೆಸರನ್ನೇ, ಅಂದರೆ ಜನರಿಕ್ ಹೆಸರನ್ನೇ, ಬರೆಯಬೇಕೆಂದು ಕಡ್ಡಾಯಗೊಳಿಸಿದ್ದರಿಂದ ಭಾರತೀಯ ವೈದ್ಯಕೀಯ ಸಂಘ ತೀವ್ರವಾಗಿ ವಿರೋಧಿಸಿತು. ಆಗಸ್ಟ್ 23ರಂದು ಆಯೋಗ ಇಡೀ ನಿಯಮಾವಳಿಯನ್ನೇ ತಡೆಹಿಡಿಯಿತು. ಜನರಿಕ್ ಔಷಧದ ಗುಣಮಟ್ಟದ ಬಗ್ಗೆ ವೈದ್ಯರಿಗಿದ್ದ ಆತಂಕದಲ್ಲಿ ಹುರುಳಿರಬಹುದು, ಆದರೆ ಅದಕ್ಕಾಗಿ ರೋಗಿಯ ಖಾಸಗಿತನದ ರಕ್ಷಣೆಯನ್ನೂ ಕೈಬಿಟ್ಟದ್ದು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತಾಯಿತು.

ಹೀಗೆ ಮತ್ತೆ ಜಾರಿಗೆ ಬಂದದ್ದು 2002ರ ನಿಯಮಾವಳಿ, ಅಂದರೆ ಫೇಸ್‌ಬುಕ್ ಹುಟ್ಟುವುದಕ್ಕೂ ಎರಡು ವರ್ಷ ಹಿಂದಿನದು. ಗುರುತು ಸಿಗುವಂತೆ ರೋಗಿಯ ಚಿತ್ರವನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದೆಂದು ಅದು ಹೇಳುತ್ತದೆಯಾದರೂ, ಗುರುತು ಬಹಿರಂಗವಾಗದಿದ್ದರೆ ಸಮ್ಮತಿಯೇ ಬೇಕಿಲ್ಲವೆಂದೂ ಹೇಳುತ್ತದೆ. ವೈದ್ಯರಷ್ಟೇ ಓದುವ ಪತ್ರಿಕೆಗಳಿಗೆ ಈ ವಿನಾಯಿತಿ ಹೊಂದಿದ್ದಿರಬಹುದು. ಆದರೆ ಮುಖ ಮರೆಮಾಡಿದರೂ ಧ್ವನಿ, ಹಚ್ಚೆ, ಆಸ್ಪತ್ರೆಯ ಹೆಸರು ಮತ್ತು ದಿನಾಂಕ ಸೇರಿ ನೆರೆಹೊರೆಯವರಿಗೆ ವ್ಯಕ್ತಿಯನ್ನು ತೋರಿಸಿಕೊಡುವ ಕಾಲದಲ್ಲಿ ಅದು ರಕ್ಷಣೆಯಾಗಿ ಉಳಿಯುವುದಿಲ್ಲ.

ಸ್ಪಷ್ಟ ನಿಯಮವಿಲ್ಲದ ಕಡೆ ಶಿಸ್ತುಕ್ರಮವು ಸುದ್ದಿಯ ಬೆನ್ನು ಹತ್ತುತ್ತದೆ. 2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ವಿವಾಹಪೂರ್ವ ಚಿತ್ರೀಕರಣ ನಡೆಸಿದ ಗುತ್ತಿಗೆ ವೈದ್ಯರನ್ನು ವಜಾಗೊಳಿಸಲಾಯಿತು. ಅದೇ ತಿಂಗಳು ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ರೀಲ್ಸ್ ಮಾಡಿದ 38 ವಿದ್ಯಾರ್ಥಿಗಳನ್ನು ಅಮಾನತುಗೊಳಿಸಲಾಯಿತು. ಆಸ್ಪತ್ರೆಯ ಘನತೆಗೆ ಕುಂದು ತಂದವರ ಮೇಲೆ ಕ್ರಮ ಜರುಗಿದ್ದು ಸರಿಯೇ. ಆದರೆ ರೋಗಿಗಳ ಚಿಕಿತ್ಸೆಯ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಜಾಹೀರಾತಿನಂತೆ ದಿನವೂ ಹಂಚುವ ಖಾತೆಗಳ ವಿಷಯದಲ್ಲಿ ಅಂಥ ತ್ವರಿತ ಕ್ರಮ ಕಾಣುವುದಿಲ್ಲ.

ಕಟ್ಟುನಿಟ್ಟಿನ ನಿಯಮ ವೈದ್ಯರ ಬಾಯಿ ಕಟ್ಟುತ್ತದೆ ಎಂಬ ಆಕ್ಷೇಪ ಹಗುರವಾದುದಲ್ಲ. ಗಿಡಮೂಲಿಕೆ ಔಷಧಗಳ ಸುರಕ್ಷತೆಯನ್ನು ಪ್ರಶ್ನಿಸುತ್ತಿದ್ದ ಕೇರಳದ ಯಕೃತ್ ತಜ್ಞ ಸಿರಿಯಾಕ್ ಅಬಿ ಫಿಲಿಪ್ಸ್ ಅವರ ಎಕ್ಸ್ ಖಾತೆಯನ್ನು ಬೆಂಗಳೂರಿನ ಸಿವಿಲ್ ನ್ಯಾಯಾಲಯವು 2023ರ ಸೆಪ್ಟೆಂಬರ್‌ನಲ್ಲಿ, ಅವರ ವಾದವನ್ನು ಕೇಳದೆಯೇ, ತಡೆಹಿಡಿಯಲು ಆದೇಶಿಸಿತು. ಅದನ್ನು ಮರಳಿ ತೆರೆಸಲು ಅವರು ಕರ್ನಾಟಕ ಹೈಕೋರ್ಟ್‌ಗೆ ಹೋಗಬೇಕಾಯಿತು. ವೈದ್ಯರ ವೈಜ್ಞಾನಿಕ ಮಾತಿಗೆ ರಕ್ಷಣೆ ಬೇಕೆಂಬುದಕ್ಕೆ ಇದೇ ಸಾಕ್ಷಿ. ಆದರೆ ತಡೆಹಿಡಿಯಲಾದ ಮಾರ್ಗಸೂಚಿಯು ಶೈಕ್ಷಣಿಕ ಮಾಹಿತಿಯ ಹಂಚಿಕೆಗೆ ಅವಕಾಶವನ್ನು ಉಳಿಸಿಯೇ ಇತ್ತು. ಮಧುಮೇಹವನ್ನು ಜನರಿಗೆ ವಿವರಿಸಲು ಕೊಳೆತ ಪಾದವುಳ್ಳ ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ತೋರಿಸಬೇಕಾಗಿಲ್ಲ. ಆತ ಒಪ್ಪಿದ್ದಾನೆ ಎಂಬ ಸಮರ್ಥನೆಯೂ ಸಾಲದು, ಏಕೆಂದರೆ ಚಿಕಿತ್ಸೆಗಾಗಿ ವೈದ್ಯರನ್ನೇ ಅವಲಂಬಿಸಿದವನು ಇಲ್ಲವೆನ್ನಲು ಅಂಜುತ್ತಾನೆ.

ಸಂಶೋಧನೆಗೂ ಇದೇ ಮಾತು ಅನ್ವಯಿಸುತ್ತದೆ. ಉದ್ದೇಶ, ಅಪಾಯ ಮತ್ತು ಹಿಂದೆ ಸರಿಯುವ ಹಕ್ಕು ಇವನ್ನು ವಿವರಿಸಿದ ಮೇಲೆ ವ್ಯಕ್ತಿ ಸ್ವಇಚ್ಛೆಯಿಂದ ಕೊಡುವ ಒಪ್ಪಿಗೆಗೆ ತಿಳಿವಳಿಕೆಯ ಸಮ್ಮತಿ ಎನ್ನುತ್ತಾರೆ. 2012ರಲ್ಲಿ ಫೇಸ್‌ಬುಕ್ 6,89,003 ಬಳಕೆದಾರರ ಪುಟದಲ್ಲಿ ಕಾಣುವ ಬರಹಗಳನ್ನು ಹೆಚ್ಚುಕಡಿಮೆ ಮಾಡಿ ಅವರ ಭಾವನೆಗಳು ಬದಲಾಗುವವೇ ಎಂದು ಪರೀಕ್ಷಿಸಿದಾಗ ಅಂಥ ಸಮ್ಮತಿಯನ್ನು ಪಡೆದಿರಲಿಲ್ಲ. 2014ರಲ್ಲಿ ಆ ಅಧ್ಯಯನವನ್ನು ಪ್ರಕಟಿಸಿದ ಅಮೆರಿಕದ ವಿಜ್ಞಾನ ಪತ್ರಿಕೆಯೇ ಬಳಿಕ ಕಳವಳ ಸೂಚಿಸಬೇಕಾಯಿತು. ಇದಕ್ಕೆ ವಿರುದ್ಧವಾಗಿ, ನರಕೋಶಗಳನ್ನು ನಾಶಮಾಡಿ ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುವ ಎಎಲ್‌ಎಸ್ ಕಾಯಿಲೆಯ ರೋಗಿಗಳು ‘ಪೇಷೆಂಟ್ಸ್‌ಲೈಕ್‌ಮಿ’ ಎಂಬ ಜಾಲದಲ್ಲಿ ತಾವಾಗಿಯೇ ದಾಖಲಿಸಿದ ಮಾಹಿತಿಯಿಂದ, ಲಿಥಿಯಂ ಆ ಕಾಯಿಲೆಯ ವೇಗವನ್ನು ತಗ್ಗಿಸುವುದಿಲ್ಲವೆಂಬ ಉಪಯುಕ್ತ ಫಲಿತಾಂಶ 2011ರಲ್ಲಿ ಹೊರಬಂತು. ಒಂದರಲ್ಲಿ ಜನ ಅರಿಯದೆ ಪ್ರಯೋಗದ ವಸ್ತುಗಳಾದರು, ಇನ್ನೊಂದರಲ್ಲಿ ಅರಿತು ಪಾಲುದಾರರಾದರು.

ಆದ್ದರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು ಜನರಿಕ್ ವಿವಾದ ಬಗೆಹರಿಯುವವರೆಗೆ ಕಾಯದೆ, ಜಾಲತಾಣದ ಮಾರ್ಗಸೂಚಿಯನ್ನು ಪ್ರತ್ಯೇಕಿಸಿ ಕೂಡಲೇ ಜಾರಿಗೊಳಿಸಬೇಕು. ರಾಜ್ಯ ವೈದ್ಯಕೀಯ ಪರಿಷತ್ತುಗಳು ಅದರಡಿ ಬರುವ ದೂರುಗಳನ್ನು ಕಾಲಮಿತಿಯಲ್ಲಿ ಇತ್ಯರ್ಥಪಡಿಸಬೇಕು. ನೈತಿಕ ಸಮಿತಿಗಳು ಜಾಲತಾಣದ ಬರಹಗಳನ್ನು ಬಳಸುವ ಸಂಶೋಧನೆಗೂ ಸಮ್ಮತಿಯ ಪ್ರಶ್ನೆಯನ್ನು ಕೇಳಲೇಬೇಕು. ನೋವನ್ನು ನಂಬಿ ಒಪ್ಪಿಸಿದವರ ಗುಟ್ಟನ್ನು ಕಾಯುವುದು ವೈದ್ಯವೃತ್ತಿಯ ಮೊದಲ ಕರ್ತವ್ಯ. ಅದನ್ನು ಮುರಿದು ಗಳಿಸಿದ ಯಾವ ಜನಪ್ರಿಯತೆಯೂ ಆ ವೃತ್ತಿಗೆ ಗೌರವ ತರುವುದಿಲ್ಲ.