ಕಾಲು ಬೇಕು, ನಾಲಿಗೆ ಬೇಡವೇ?

ಕಬಡ್ಡಿ ಅಂಕಣದಲ್ಲಿ ಮಿಂಚುವ ಹಳ್ಳಿಯ ಹುಡುಗನನ್ನು ಖಾಸಗಿ ಶಾಲೆಗಳು ಹುಡುಕಿಕೊಂಡು ಬರುವುದು ಹೊಸ ಸಂಗತಿಯಲ್ಲ. ಶುಲ್ಕ ಬೇಡ, ಹಾಸ್ಟೆಲ್ ಉಚಿತ, ಬೂಟು ಬಟ್ಟೆ ಉಚಿತ ಎನ್ನುತ್ತಾರೆ. ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ ತಂದೆತಾಯಿ ಬೇಡವೆನ್ನುವುದುಂಟೆ? ಬಡವರ ಮಗುವಿಗೆ ಅವಕಾಶ ಸಿಗಲಿ, ಸಂತೋಷ. ನಮ್ಮ ತಕರಾರು ಅವಕಾಶದ ಬಗ್ಗೆ ಅಲ್ಲ. ಶಾಲೆಯ ಗೇಟು ದಾಟಿದ ಮೇಲೆ ಆ ಮಗುವಿಗೆ ಸಿಗುವ ಸ್ಥಾನದ ಬಗ್ಗೆ.

ಕಂಬಂ ಕಣಿವೆಯ ಒಕ್ಕಲಿಗರ ಮನೆಗಳಲ್ಲಿ ಮಾತು ಕನ್ನಡ, ಅಕ್ಷರ ಕಲಿತದ್ದು ತಮಿಳು. ಈಗ ಏಕಾಏಕಿ ಇಂಗ್ಲಿಷ್ ಮಾಧ್ಯಮ. ಮೂರನೆಯ ಭಾಷೆಯಲ್ಲಿ ಬಾಯಿ ಕಟ್ಟಿದ ಹುಡುಗನಿಗೆ 'ಆಟದವನು, ಓದು ಹತ್ತದು' ಎಂಬ ಪಟ್ಟ! ಶುಲ್ಕ ಕಟ್ಟಿದವರ ಮಕ್ಕಳಿಗೆ ಅವನ ಹೆಸರು 'ಸ್ಪೋರ್ಟ್ಸ್ ಕೋಟಾ'. ಮೈದಾನದಲ್ಲಿ ಚಪ್ಪಾಳೆ, ಊಟದ ಸಾಲಿನಲ್ಲಿ ಒಂಟಿ. ಕಪ್ಪು ಹಿಡಿದ ಅವನ ಚಿತ್ರ ಮಾತ್ರ ಪ್ರವೇಶದ ಜಾಹೀರಾತಿನಲ್ಲಿ ರಾರಾಜಿಸುತ್ತದೆ. ಇದು ಯಾವ ನ್ಯಾಯ?

ಮೈಕಟ್ಟು ನೋಡಿ ಮಕ್ಕಳನ್ನು ಆರಿಸುವ ಕೆಲಸವನ್ನು ಸರ್ಕಾರವೂ ಮಾಡಿದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಕ್ರೀಡಾ ಯೋಜನೆಗೆ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿತು. ಆಫ್ರಿಕಾ ಮೂಲದವರು, ಆದ್ದರಿಂದ ಓಡಬಲ್ಲರು ಎಂಬುದು ಲೆಕ್ಕಾಚಾರ. ಮಕ್ಕಳು ಪದಕ ತಂದರು. ಆದರೂ 1993ರಲ್ಲಿ ಯೋಜನೆ ನಿಂತಿತು. ಕೆಲವರಿಗೆ ಕೆಲಸ ದೊರೆಯಿತು, ಹಲವರು ಕೂಲಿಗೆ ಮರಳಿದರು. ತಲೆಮಾರುಗಳಿಂದ ಈ ಮಣ್ಣಿನಲ್ಲೇ ಬಾಳಿದ ಸಿದ್ದಿಗಳನ್ನು ಇಂದಿಗೂ 'ನೀವು ಯಾವ ದೇಶದವರು?' ಎಂದು ಕೇಳುವವರಿದ್ದಾರೆ. ಪದಕ ತಂದರೆ ಸಮಾಜ ತಾನಾಗಿ ಒಪ್ಪಿಕೊಳ್ಳುತ್ತದೆ ಎಂದು ನಂಬಿದವರು ಇದಕ್ಕೆ ಉತ್ತರ ಹೇಳಲಿ.

'ಉಚಿತವಾಗಿ ಓದಿಸುತ್ತೇವೆ, ಇನ್ನೇನು ಬೇಕು?' ಎಂದು ಆಡಳಿತ ಮಂಡಳಿಯವರು ಕೇಳಬಹುದು. ಸ್ವಾಮಿ, ಯಾವುದು ಉಚಿತ? ಆ ಮಗು ಬೆಳಗಿನ ಜಾವದ ಬೆವರಿನಲ್ಲಿ ಶುಲ್ಕ ಕಟ್ಟುತ್ತಿದೆ. ಅದು ಗೆದ್ದ ಕಪ್ಪು ತೋರಿಸಿಯೇ ನೀವು ಇತರರಿಂದ ಶುಲ್ಕ ಪಡೆಯುತ್ತೀರಿ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸುತ್ತದೆ. ಆಟ ಬಲ್ಲ ಮಗುವಿಗೆ ಈ ಮಾತು ಅನ್ವಯಿಸದು ಎಂದು ಎಲ್ಲಿಯೂ ಬರೆದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಮಂಡಿಗೆ ಪೆಟ್ಟಾಗಿ ಆಟ ನಿಂತರೂ ಶಾಲೆ ಮುಗಿಯುವವರೆಗೆ ಉಚಿತ ಶಿಕ್ಷಣ ನಿಲ್ಲಬಾರದು; ಇದು ಲಿಖಿತವಾಗಿ ಬರಲಿ. ಪಂದ್ಯದಿಂದ ತಪ್ಪಿದ ಪಾಠವನ್ನು ಮತ್ತೆ ಹೇಳಿಕೊಡಲಿ. ಮೊದಲ ವರ್ಷ ಮಗುವಿಗೆ ತಿಳಿಯುವ ಭಾಷೆಯಲ್ಲಿ ವಿವರಿಸುವ ಒಬ್ಬ ಶಿಕ್ಷಕರಿರಲಿ. ಆಟದ ಮಕ್ಕಳಿಗೆ ಬೇರೆ ಬೆಂಚು, ಬೇರೆ ಪಂಕ್ತಿ ಬೇಡ.

ತಂದೆತಾಯಿಗಳಲ್ಲಿಯೂ ಒಂದು ವಿನಂತಿ. ತಾಳವಾಡಿ, ಹೊಸೂರು ಕಡೆಯ ಕನ್ನಡ ಮಾಧ್ಯಮದ ಪೋಷಕರಿಗೂ ಇದೇ ಮಾತು. ಬೂಟಿನ ಅಳತೆ ಕೇಳಲು ಬಂದವರನ್ನು, ಮಗು ತರಗತಿಯಲ್ಲಿ ಯಾರ ಪಕ್ಕ ಕೂರುತ್ತದೆ ಎಂದು ಮೊದಲು ಕೇಳಿ. ಉತ್ತರ ಬಂದ ಮೇಲೆ ಸಹಿ ಹಾಕಿ.