ಕಣ್ಣಿನ ದುಡಿಮೆಯೂ ಕಣ್ಣಿನ ಬಿಡುವೂ

ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವೆಂಬುದನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಆ ಪ್ರಧಾನನ ಮೇಲೆ ನಾವು ಹೊರಿಸುತ್ತಿರುವ ದುಡಿಮೆಯ ಲೆಕ್ಕವನ್ನಿಟ್ಟವರು ವಿರಳ. ಪಡುಬಿದ್ರಿಯಂತಹ ಊರಿನಲ್ಲಿಯೂ ಈಗ ಬೆಳಗಿನ ವರ್ತಮಾನ ಮೊಬೈಲಿನಲ್ಲಿ. ಅಂಗಡಿಯ ಹಣ ಸಂದಾಯ ಮೊಬೈಲಿನಲ್ಲಿ. ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ಇರುವ ಮಕ್ಕಳ ಮುಖದರ್ಶನ ಮೊಬೈಲಿನಲ್ಲಿ. ರಾತ್ರಿಯ ಯಕ್ಷಗಾನವೂ ಅದರಲ್ಲಿಯೇ. ಈ ಯಂತ್ರವನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ದೂರದ ಮಗನ ಮುಖವನ್ನು ತಾಯಿಗೆ ತೋರಿಸುವ ವಸ್ತುವನ್ನು ಹಳಿಯುವುದು ನ್ಯಾಯವೂ ಅಲ್ಲ. ಅದನ್ನು ಬಳಸುವ ಕ್ರಮವನ್ನು ಗೃಹಸ್ಥರು ಅರಿತಿರಬೇಕೆಂಬುದಷ್ಟೇ ನಮ್ಮ ಅರಿಕೆ.

ಪರದೆಯನ್ನು ದಿಟ್ಟಿಸುವವನ ಕಣ್ಣು ಉರಿಯುವುದೇಕೆ? ಕಾರಣಗಳು ಮುಖ್ಯವಾಗಿ ಎರಡು. ಮೊದಲನೆಯದು ರೆಪ್ಪೆಗೆ ಸಂಬಂಧಿಸಿದ್ದು. ಸ್ವಸ್ಥನಾದ ಮನುಷ್ಯನು ನಿಮಿಷಕ್ಕೆ ಸುಮಾರು ೧೫ರಿಂದ ೨೦ ಸಲ ರೆಪ್ಪೆ ಬಡಿಯುವನು. ಬಡಿದಾಗಲೆಲ್ಲ ಕಣ್ಣೀರಿನ ತೆಳುವಾದ ಪೊರೆಯೊಂದು ಕಣ್ಣಿನ ಮೇಲೆ ಹರಡಿ ಅದನ್ನು ತೇವವಾಗಿಡುವುದು. ಪರದೆಯಲ್ಲಿ ಮಗ್ನನಾದಾಗ ಈ ಸಂಖ್ಯೆಯು ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿಯುವುದು. ತೇವವಾರಿದ ಕಣ್ಣು ಉರಿಯುವುದು, ಮರಳು ಬಿದ್ದಂತೆ ಚುಚ್ಚುವುದು. ಅಮರಕೋಶದಲ್ಲಿ ‘ಅನಿಮಿಷ’ ಶಬ್ದಕ್ಕೆ ದೇವತೆ, ಮೀನು ಎಂದು ಎರಡರ್ಥಗಳುಂಟು. ಈ ಇಬ್ಬರೂ ರೆಪ್ಪೆ ಬಡಿಯುವವರಲ್ಲ. ದೇವತೆಗಳ ಸಂಗತಿ ದೇವತೆಗಳಿಗೇ ಇರಲಿ. ಬಂಗುಡೆ ಬೂತಾಯಿಗಳ ಕಣ್ಣಾದರೋ ಸದಾ ಸಮುದ್ರದ ನೀರಿನಲ್ಲಿಯೇ ಇರುವುದು. ನೆಲದ ಮೇಲೆ ಬಾಳುವ ನಾವು ಅನಿಮಿಷರಾಗಹೊರಟರೆ ಕಣ್ಣು ಒಣಗದೆ ಇದ್ದೀತೆ?

ಎರಡನೆಯದು ಕಣ್ಣೊಳಗಿನ ಸ್ನಾಯುವಿಗೆ ಸಂಬಂಧಿಸಿದ್ದು. ಹತ್ತಿರದ ವಸ್ತುವನ್ನು ಕಾಣಬೇಕಾದರೆ ಕಣ್ಣಿನ ಮಸೂರವು ಉಬ್ಬಬೇಕು. ಅದಕ್ಕಾಗಿ ಅದರ ಸುತ್ತಲಿನ ಸ್ನಾಯು ಬಿಗಿಯಬೇಕು. ಇಪ್ಪತ್ತು ಅಡಿಯಾಚೆಗೆ ನೋಡಿದಾಗ ಆ ಸ್ನಾಯು ಸಡಿಲಗೊಳ್ಳುವುದು. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವವಳೂ, ಕಡಲ ಕರೆಯಲ್ಲಿ ಬಲೆ ಸರಿಪಡಿಸುವವನೂ ಹತ್ತಿರದ ಕೆಲಸವನ್ನೇ ಮಾಡುವರಾದರೂ ನಡುನಡುವೆ ತಲೆಯೆತ್ತಿ ದಾರಿಹೋಕರನ್ನು ಮಾತನಾಡಿಸುವರು. ಮೊಬೈಲು ಹಾಗೆ ತಲೆಯೆತ್ತಗೊಡುವುದಿಲ್ಲ. ಒಂದು ಚಿತ್ರ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಬಂದು ನಿಲ್ಲುವುದು. ಸುಶ್ರುತಸಂಹಿತೆಯ ಉತ್ತರತಂತ್ರವು ೭೬ ನೇತ್ರರೋಗಗಳನ್ನು ಹೇಳುವಲ್ಲಿ, ಅವುಗಳ ಕಾರಣಗಳೊಳಗೆ ಸೂಕ್ಷ್ಮನಿರೀಕ್ಷಣವನ್ನೂ ಸ್ವಪ್ನವಿಪರ್ಯಯವನ್ನೂ, ಎಂದರೆ ನಿದ್ರೆಯ ಅಕ್ರಮವನ್ನೂ, ಎಣಿಸಿದೆ. ರಾತ್ರಿ ಹಾಸಿಗೆಯಲ್ಲಿ ಮೊಬೈಲು ಹಿಡಿದವನು ಈ ಎರಡನ್ನೂ ಒಮ್ಮೆಗೇ ಸಾಧಿಸುವನು.

ಪರಿಹಾರಕ್ಕೆ ಕಾಸು ಖರ್ಚಿಲ್ಲ. ನೇತ್ರವೈದ್ಯರು ಹೇಳುವ ಇಪ್ಪತ್ತರ ಸೂತ್ರವನ್ನು ಮನೆಮಂದಿಯೆಲ್ಲ ಕಂಠಪಾಠ ಮಾಡಿಕೊಳ್ಳಬಹುದು: ೨೦ ನಿಮಿಷಕ್ಕೊಮ್ಮೆ, ೨೦ ಅಡಿಗಿಂತ ದೂರದ ವಸ್ತುವನ್ನು, ೨೦ ಸೆಕೆಂಡುಗಳ ಕಾಲ ನೋಡತಕ್ಕದ್ದು. ಅಂಗಳದಾಚೆಯ ತೆಂಗಿನ ಮರವೇ ಇದಕ್ಕೆ ಸಾಕು. ಆಗಲೇ ನಾಲ್ಕಾರು ಬಾರಿ ರೆಪ್ಪೆಗಳನ್ನು ಪೂರ್ತಿಯಾಗಿ ಮುಚ್ಚಿ ತೆರೆಯಬೇಕು. ಕಂಪ್ಯೂಟರನ್ನು ಒಂದು ತೋಳಿನ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರುವಂತೆ ಇರಿಸಬೇಕು. ಕತ್ತಲೆಯ ಕೋಣೆಯಲ್ಲಿ ಪರದೆಯೊಂದೇ ಉರಿಯುತ್ತಿರಬಾರದು. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸಬಾರದು. ನಲವತ್ತು ದಾಟಿದವರು ಓದುವ ಕನ್ನಡಕವನ್ನು ಸಂಕೋಚದಿಂದ ಮುಂದೂಡಬಾರದು. ನೀಲಿ ಬೆಳಕನ್ನು ತಡೆಯುವುದೆಂದು ಮಾರುವ ಕನ್ನಡಕಕ್ಕೆ ಹೆಚ್ಚು ಹಣ ತೆರುವವರು ಇದನ್ನು ಗಮನಿಸಲಿ: ಕಾಕ್ರೇನ್ ಎಂಬ ವೈದ್ಯಕ ವಿಮರ್ಶಾ ಸಂಸ್ಥೆಯು ೨೦೨೩ರಲ್ಲಿ ೧೭ ಪ್ರಯೋಗಗಳನ್ನು ಪರಿಶೀಲಿಸಿ, ಅಂತಹ ಗಾಜಿನಿಂದ ಕಣ್ಣಿನ ಆಯಾಸವು ಕಡಮೆಯಾಗುವ ಸಂಭವವಿಲ್ಲವೆಂದು ತಿಳಿಸಿತು.

ಇಷ್ಟು ದೊಡ್ಡವರ ಮಾತಾಯಿತು. ದೊಡ್ಡವರ ಆಯಾಸವು ವಿಶ್ರಾಂತಿಯಿಂದ ಶಮನವಾಗತಕ್ಕದ್ದು; ಮಕ್ಕಳ ವಿಷಯ ಹಾಗಲ್ಲ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆಯು ಮಿತಿಮೀರಿ ಉದ್ದವಾದರೆ ಸಮೀಪದೃಷ್ಟಿಯುಂಟಾಗುವುದು. ಹಾಗೆ ಬೆಳೆದ ಕಣ್ಣು ಹಿಂದಿನಂತಾಗದು. ಅದು ವಿಪರೀತಕ್ಕೆ ಹೋದರೆ ಮುಂದೆ ಕಣ್ಣಿನ ಒಳಪರದೆಯೇ ಕಳಚುವ ಅಪಾಯ ಹೆಚ್ಚು. ೨೦೨೦ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಅಂಗೈಯಗಲದ ಪರದೆಯೇ ಮಕ್ಕಳಿಗೆ ಕರಿಹಲಗೆಯಾಯಿತು. ಅದು ಆಪತ್ಕಾಲದ ಏರ್ಪಾಡು. ಶಾಲೆಗಳು ತೆರೆದು ವರ್ಷಗಳು ಕಳೆದರೂ ಎಷ್ಟೋ ಮನೆಗಳಲ್ಲಿ ಆ ಪರದೆ ಮಾತ್ರ ಮಕ್ಕಳ ಕೈಬಿಟ್ಟಿಲ್ಲ. ಮಗು ಊಟಮಾಡಲೆಂದು ಮೊಬೈಲು ಕೊಡುವ ತಾಯಂದಿರು, ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಹೇಳಿದ್ದನ್ನು ನೆನೆಯಬೇಕು: ಎರಡು ವರ್ಷ ತುಂಬದ ಶಿಶುಗಳಿಗೆ ಪರದೆ ಬೇಡ, ಎರಡರಿಂದ ನಾಲ್ಕು ವಯಸ್ಸಿನವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಲ್ಲದು.

ಮಕ್ಕಳ ಕಣ್ಣಿಗೆ ರಕ್ಷೆ ಯಾವುದೆಂದರೆ ಬಯಲಿನ ಬೆಳಕು. ತೈವಾನ್ ದೇಶದಲ್ಲಿ ೨೦೧೦ರಿಂದ ಶಾಲಾಬಾಲಕರು ದಿನಕ್ಕೆ ೧೨೦ ನಿಮಿಷ ಹೊರಗಿರಬೇಕೆಂದು ಪ್ರೇರೇಪಿಸಿದ ಮೇಲೆ, ಏರುತ್ತಲೇ ಇದ್ದ ದೃಷ್ಟಿದೋಷವು ಇಳಿಮುಖವಾಯಿತು. ಮೋಡ ಕವಿದ ದಿನದ ಹೊರಬೆಳಕೂ ಮನೆಯ ದೀಪಕ್ಕಿಂತ ಅನೇಕ ಪಾಲು ಹೆಚ್ಚಾದುದರಿಂದ, ಮಳೆಗಾಲದ ಹೊಳವಿನಲ್ಲಿಯೂ ಮಕ್ಕಳನ್ನು ಅಂಗಳಕ್ಕೆ ಬಿಡುವುದೇ ಲೇಸು. ಮಗುವು ಪುಸ್ತಕವನ್ನು ಮುಖದ ಬಳಿ ಹಿಡಿದರೆ, ದೂರವನ್ನು ಕಣ್ಣು ಕಿರಿದುಗೊಳಿಸಿ ನೋಡಿದರೆ, ಕರಿಹಲಗೆ ಕಾಣದೆಂದರೆ, ಗದರಿಸದೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯಬೇಕು. ಉಡುಪಿಯೂ ಮಣಿಪಾಲವೂ ನಮಗೆ ದೂರವಲ್ಲ. ದೊಡ್ಡವರಿಗಾದರೂ ಹಠಾತ್ತನೆ ದೃಷ್ಟಿ ಮಂಕಾದರೆ, ಮಿಂಚು ಹೊಳೆದಂತಾದರೆ, ಅದನ್ನು ಆಯಾಸವೆಂದೆಣಿಸಿ ಒಂದು ದಿನವೂ ತಡಮಾಡಬಾರದು.

೨೦೨೦ರಲ್ಲಿ ನಮ್ಮ ಪಡುಬಿದ್ರಿಯ ಕಡಲತೀರಕ್ಕೆ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆಯಿತು. ಪರವೂರಿನವರು ಅದನ್ನು ಕಾಣಲೆಂದೇ ಬರುತ್ತಾರೆ. ಅಲ್ಲಿ ನಿಂತವನಿಗೆ ಕಾಣುವ ದಿಗಂತವು ೪ ಕಿಲೋಮೀಟರಿಗಿಂತ ದೂರದ್ದು. ಊರಿನ ಗೃಹಸ್ಥರು ಸಂಜೆ ಮಕ್ಕಳ ಕೈ ಹಿಡಿದು ಅಲ್ಲಿಗೆ ಹೋಗಲಿ. ತಮ್ಮ ಮೊಬೈಲನ್ನು ಮನೆಯಲ್ಲಿಯೇ ಬಿಟ್ಟು ಹೋಗಲಿ. ಹಿರಿಯರು ಕೈಬಿಡದುದನ್ನು ಕಿರಿಯರು ಕೈಬಿಟ್ಟಾರೆಂದು ನಾವು ನಂಬಲಾರೆವು.